ಶೆಟಗೆವ್ವನ ಬರಹವೂ ತಾಯಿಯ ಗಂಗಾಳವೂ

ಕೂಸು ಹುಟ್ಟಿದ ಐದನೆಯ ರಾತ್ರಿ ಶೆಟಗೆವ್ವ ಬರುತ್ತಾಳೆಂದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಂಬುಗೆ. ಅಂದು ಬಾಣಂತಿಯ ಕೋಣೆಯ ದೀಪವನ್ನು ಆರಗೊಡುವುದಿಲ್ಲ. ಮನೆಮಂದಿ ನಿದ್ದೆಹೋದ ಸರಿಹೊತ್ತಿನಲ್ಲಿ ಆ ತಾಯಿ ಯಾರ ಕಣ್ಣಿಗೂ ಬೀಳದಂತೆ ಬಂದು, ಕೂಸಿನ ತಲೆದೆಸೆಯಲ್ಲಿ ಕುಳಿತು, ಅದರ ಹಣೆಯ ಮೇಲೆ ಬಾಳಿನ ಬರಹವನ್ನು ಬರೆದು ಹೋಗುತ್ತಾಳೆ. ಆಯುಷ್ಯವೆಷ್ಟು, ಅನ್ನದ ಋಣವೆಷ್ಟು, ಸುಖವೆಷ್ಟು, ಬೇನೆಯೆಷ್ಟು, ಎಲ್ಲವೂ ಆ ಬರಹದಲ್ಲಿ ಅಡಕ. ಬೆಳಗಾದ ಮೇಲೆ ಅದನ್ನು ಓದಬಲ್ಲವರಿಲ್ಲ. ಅಳಿಸಬಲ್ಲವರಂತೂ ಇಲ್ಲವೇ ಇಲ್ಲ. ಮುಂದೆ ಆ ಮಗು ಸೊರಗಿದರೆ, ಓರಗೆಯ ಮಕ್ಕಳ ಭುಜದೆತ್ತರಕ್ಕೂ ಬೆಳೆಯದೆ ನಿಂತರೆ, ‘ಶೆಟಗೆವ್ವ ಬರದದ್ದನ್ನ ಯಾರು ಅಳಸ್ಯಾರ, ಯಪ್ಪಾ?’ ಎಂದು ಮನೆಯ ಹಿರಿಯಳು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾಳೆ.

ಈ ನಂಬುಗೆಯನ್ನು ಮೂಢವೆಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ವಾಚಕರು ಕ್ಷಣಕಾಲ ನಿಂತು ಯೋಚಿಸಬೇಕಾದ ಸಂಗತಿಯೊಂದುಂಟು. ಬಾಳಿನ ಆರಂಭದಲ್ಲಿಯೇ ಶರೀರದೊಳಗೆ ಒಂದು ಬಗೆಯ ಬರಹ ನಡೆಯುತ್ತದೆಂದೂ, ಐವತ್ತು ಅರವತ್ತು ವರ್ಷಗಳಾದ ಮೇಲೆ ತೋರುವ ಹೃದ್ರೋಗ, ಮಧುಮೇಹಗಳ ಬೀಜ ಆ ಬರಹದಲ್ಲಿ ಅಡಗಿರಬಹುದೆಂದೂ ಈಗ ವಿಜ್ಞಾನವೇ ಹೇಳುತ್ತಿದೆ. ಆ ಬರಹ ನಡೆಯುವುದು ಹಣೆಯ ಮೇಲಲ್ಲ, ಜೀವಕೋಶದ ಗರ್ಭದಲ್ಲಿ. ಒಂದೇ ರಾತ್ರಿಯಲ್ಲಿ ಅದು ಮುಗಿಯುವುದೂ ಇಲ್ಲ. ತಾಯಿ ಬಸುರಾದ ದಿನದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ ಅದರ ಮುಖ್ಯ ಅಧ್ಯಾಯಗಳು ಬರೆಯಲ್ಪಡುತ್ತವೆ. ಗರ್ಭದ 270 ದಿನ, ಎರಡು ವರ್ಷಗಳ 730 ದಿನ, ಒಟ್ಟು ಸಾವಿರ ದಿನ. ಈ ಬರಹಕ್ಕೆ ಬೇಕಾದ ಮಸಿ ಬರುವುದು ತಾಯಿಯ ಗಂಗಾಳದಿಂದ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮಟ್ಟಿಗೆ ಇದು ಬರಿಯ ಪಾಂಡಿತ್ಯದ ವಿಷಯವಲ್ಲ. ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಒಪ್ಪಿಸಿದಾಗ, ರಾಜ್ಯದ ‘ಅತ್ಯಂತ ಹಿಂದುಳಿದ’ 39 ತಾಲೂಕುಗಳ ಪಟ್ಟಿಯಲ್ಲಿ ಈ ಮೂರೂ ಇದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇಡೀ ರಾಜ್ಯದ ಈ ಭಾರದಲ್ಲಿ ಕಲ್ಯಾಣ ಕರ್ನಾಟಕದ ಪಾಲು ಹೆಚ್ಚಿನದು. ಕುಳ್ಳಾದ ಮಗುವಿಗೆ ಕುಳ್ಳುತನವೇ ದೊಡ್ಡ ಕೇಡಲ್ಲ. ಒಳಗೆ ಏನು ಬರೆಯಲಾಗಿದೆಯೆಂಬುದಕ್ಕೆ ಅದು ಹೊರಗೆ ಕಾಣುವ ಗುರುತು ಮಾತ್ರ.

ಒಂದೇ ಗ್ರಂಥ, ಹಲವು ಪಾರಾಯಣ

ಮನುಷ್ಯನ ಒಂದೊಂದು ಜೀವಕೋಶದಲ್ಲಿಯೂ ಸುಮಾರು 20,000 ವಂಶವಾಹಿಗಳಿವೆ. ತಂದೆತಾಯಿಗಳಿಂದ ಬಂದ ಈ ಗ್ರಂಥ ಕಣ್ಣಿನ ಕೋಶದಲ್ಲಿಯೂ ಒಂದೇ, ಯಕೃತ್ತಿನ ಕೋಶದಲ್ಲಿಯೂ ಒಂದೇ. ಹಾಗಾದರೆ ಕಣ್ಣು ಕಣ್ಣಾಗಿ, ಯಕೃತ್ತು ಯಕೃತ್ತಾಗಿ ಇರುವುದು ಹೇಗೆ? ಪ್ರತಿಯೊಂದು ಕೋಶವೂ ತನಗೆ ಬೇಕಾದ ಪುಟಗಳನ್ನಷ್ಟೇ ತೆರೆದು ಓದುತ್ತದೆ. ಉಳಿದವನ್ನು ಮಡಿಸಿ ಇಡುತ್ತದೆ. ಹೀಗೆ ವಂಶವಾಹಿ ಓದಲ್ಪಟ್ಟು ಕಾರ್ಯರೂಪಕ್ಕೆ ಬರುವುದನ್ನೇ ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತಾರೆ. ಯಾವ ಪುಟ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ತಿಳಿಸಲು ಆ ಗ್ರಂಥಕ್ಕೆ ಕೆಲವು ರಾಸಾಯನಿಕ ಗುರುತುಗಳು ಅಂಟಿಕೊಂಡಿರುತ್ತವೆ. ಅವುಗಳಲ್ಲಿ ಮುಖ್ಯವಾದುದು ಮೀಥೈಲ್: ಒಂದು ಇಂಗಾಲ, ಮೂರು ಜಲಜನಕದ ಪುಟ್ಟ ಗುಂಪು. ಅಕ್ಷರವನ್ನು ತಿದ್ದದೆ, ಅದರ ಓದನ್ನು ಮಾತ್ರ ಬದಲಿಸುವ ಈ ಗುರುತುಗಳ ಶಾಸ್ತ್ರವೇ ಎಪಿಜೆನೆಟಿಕ್ಸ್.

ಈ ಮೀಥೈಲ್ ಗುಂಪನ್ನು ಶರೀರ ಶೂನ್ಯದಿಂದ ಸೃಷ್ಟಿಸಲಾರದು. ಅದನ್ನು ಹೊತ್ತು ತರುವ ಫೋಲೇಟು ಹಸಿರು ಸೊಪ್ಪು ಮತ್ತು ಬೇಳೆಕಾಳುಗಳಲ್ಲಿದೆ. ಬಿ-12 ಜೀವಸತ್ವ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ದೊರೆಯುತ್ತದೆ. ಕೋಲಿನ್ ಎಂಬ ಇನ್ನೊಂದು ವಸ್ತು ಮೊಟ್ಟೆಯ ಹಳದಿಯಲ್ಲಿ ಹೇರಳ. ಶೆಟಗೆವ್ವನ ಮಸಿ ಅಡಿಗೆಮನೆಯಿಂದ ಬರುತ್ತದೆ ಎಂದುದು ಬರಿಯ ಉಪಮೆಯಲ್ಲವೆಂಬುದನ್ನು ವಾಚಕರು ಗಮನಿಸಬಹುದು.

ಆಹಾರವೊಂದೇ ಬಾಳನ್ನು ಎಷ್ಟು ಬದಲಿಸಬಲ್ಲುದೆಂಬುದಕ್ಕೆ ಜೇನುಗೂಡೇ ಸಾಕ್ಷಿ. ರಾಣಿಜೇನೂ ದುಡಿಯುವ ಜೇನೂ ಒಂದೇ ಬಗೆಯ ಮೊಟ್ಟೆಯಿಂದ ಹುಟ್ಟಿದವು. ಅವುಗಳ ವಂಶವಾಹಿಗಳಲ್ಲಿ ಭೇದವಿಲ್ಲ. ಮೊದಲ ಕೆಲವು ದಿನ ಎಲ್ಲ ಮರಿಗಳಿಗೂ ರಾಜರಸ ದೊರೆಯುತ್ತದೆ. ಬಳಿಕ ದುಡಿಯುವವಕ್ಕೆ ಜೇನು, ಪರಾಗಗಳ ಮಿಶ್ರಣ. ರಾಣಿಯಾಗುವ ಮರಿಗೆ ಮಾತ್ರ ಕೊನೆಯವರೆಗೂ ರಾಜರಸ. ಇಷ್ಟರಿಂದಲೇ ಒಂದು ಕೆಲವೇ ವಾರ ಬದುಕುತ್ತದೆ, ಇನ್ನೊಂದು ವರ್ಷಗಟ್ಟಲೆ ಬಾಳಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮೀಥೈಲ್ ಗುರುತು ಹಾಕುವ ಕಿಣ್ವವನ್ನು ಮರಿಗಳಲ್ಲಿ ತಡೆದರೆ, ರಾಜರಸವಿಲ್ಲದೆಯೇ ಹಲವು ಮರಿಗಳು ರಾಣಿಯರಾಗುತ್ತವೆಂದು ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ತೋರಿಸಿದರು.

ಹಸಿವಿನ ಒಂದು ಚಳಿಗಾಲ

ಜೇನಿನ ಮಾತು ಜೇನಿಗಾಯಿತು. ಮನುಷ್ಯನಲ್ಲಿ ಇದನ್ನು ಪರೀಕ್ಷಿಸುವುದೆಂತು? ಬಸುರಿಯನ್ನು ಉಪವಾಸ ಕೆಡವಿ ಪ್ರಯೋಗ ನಡೆಸಲು ಯಾವ ಧರ್ಮವೂ ಒಪ್ಪದು. ಆದರೆ ಯುದ್ಧಕ್ಕೆ ಧರ್ಮವೆಲ್ಲಿಯದು? 1944ರ ಚಳಿಗಾಲದಲ್ಲಿ ಜರ್ಮನ್ ಸೈನ್ಯ ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಸಾಗದಂತೆ ತಡೆಯಿತು. ಒಬ್ಬನ ದಿನದ ಪಡಿತರ ಸಾವಿರ ಕ್ಯಾಲೊರಿಗಿಂತಲೂ ಕೆಳಗಿಳಿಯಿತು. ಜನ ಟ್ಯೂಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. 1945ರ ಮೇ ತಿಂಗಳಲ್ಲಿ ದೇಶ ಬಿಡುಗಡೆಯಾದ ಕೂಡಲೆ ಆಹಾರ ಬಂದಿತು, ಹಸಿವು ಮುಗಿಯಿತು. ಆದರೆ ಆ ತಿಂಗಳುಗಳಲ್ಲಿ ಗರ್ಭದಲ್ಲಿದ್ದವರ ಶರೀರಕ್ಕೆ ಅದು ಮುಗಿದಿರಲಿಲ್ಲ. ಬರಗಾಲದಲ್ಲಿ ಗರ್ಭಕಟ್ಟಿದವರನ್ನು ಅವರ ಒಡಹುಟ್ಟಿದವರೊಡನೆ ಹೋಲಿಸಿ ನೋಡಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲೆ ಮೀಥೈಲ್ ಗುರುತುಗಳು ಕಡಿಮೆಯಿದ್ದುದು 2008ರಲ್ಲಿ ಪ್ರಕಟವಾಯಿತು. ಪರೀಕ್ಷೆಗೊಳಗಾದವರಿಗೆ ಆಗ ಅರವತ್ತರ ಹತ್ತಿರದ ವಯಸ್ಸು. ಒಂದು ಚಳಿಗಾಲದ ಹಸಿವು ಆರು ದಶಕಗಳವರೆಗೆ ಮೈಯಲ್ಲಿ ಬರೆದಿಟ್ಟಂತೆ ಉಳಿದಿತ್ತು.

ಅದೊಂದು ಚಳಿಗಾಲದ ಕಥೆ. ನಮ್ಮ ದಖ್ಖಣದ ಹಸಿವಿನ ಇತಿಹಾಸ ಅದಕ್ಕಿಂತ ಎಷ್ಟೋ ಉದ್ದ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಕ್ಷಾಮ ಈ ಸೀಮೆಯನ್ನೂ ಬಿಡಲಿಲ್ಲ. 1972ರ ಬರವನ್ನು ಕಂಡವರು ಇಂದಿಗೂ ಊರೂರಲ್ಲಿ ಇದ್ದಾರೆ. ಕ್ಷಾಮವೆಂದು ಹೆಸರು ಪಡೆಯದೆ, ಪ್ರತಿವರ್ಷದ ಬೇಸಗೆಯಂತೆ ಬಂದುಹೋಗುವ ಅರೆಹೊಟ್ಟೆಯನ್ನಂತೂ ಲೆಕ್ಕವಿಟ್ಟವರಿಲ್ಲ.

ಮೈಸೂರಿನ ಹಳೆಯ ದಫ್ತರ

ಹಾಲೆಂಡಿನಷ್ಟು ದೂರ ಹೋಗದೆಯೇ ಈ ವಿಷಯಕ್ಕೆ ಸಾಕ್ಷ್ಯ ನಮ್ಮ ನಾಡಿನಲ್ಲಿಯೇ ಇದೆಯೆಂಬುದು ಹಲವರಿಗೆ ತಿಳಿಯದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯಾದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಫ್ತರದಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಅದು ದಿನನಿತ್ಯದ ಕೆಲಸ. ಮುಂದೊಂದು ದಿನ ಅದು ಲೋಕಪ್ರಸಿದ್ಧವಾದೀತೆಂದು ಅವರು ಕನಸಿನಲ್ಲಿಯೂ ಎಣಿಸಿರಲಾರರು. ಹುಟ್ಟಿನ ತೂಕಕ್ಕೂ ಮುಪ್ಪಿನ ಹೃದ್ರೋಗಕ್ಕೂ ಸಂಬಂಧವುಂಟೆಂದು ಇಂಗ್ಲೆಂಡಿನಲ್ಲಿ ತೋರಿಸಿದ್ದ ಡೇವಿಡ್ ಬಾರ್ಕರ್ ಅವರ ಬಳಗ ಮೈಸೂರಿನ ವೈದ್ಯರೊಡಗೂಡಿ ಈ ದಫ್ತರಗಳನ್ನು ತೆರೆಯಿತು. 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಆಸ್ಪತ್ರೆಯ ಸಮೀಪದಲ್ಲಿಯೇ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು.

1996ರಲ್ಲಿ ಪ್ರಕಟವಾದ ಫಲಿತಾಂಶ ಇದು: ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಕೂಸು ಎರಡೂವರೆ ಕಿಲೋದ ಒಳಗಿದ್ದು, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋ ಮೀರದಿದ್ದ ಪಕ್ಷದಲ್ಲಿ ಈ ಸಂಖ್ಯೆ ನೂರಕ್ಕೆ 20ರಷ್ಟಿತ್ತು. ತಾಯಿಯ ಮೈಯಲ್ಲಿದ್ದ ಕೊರತೆ ಮಗನ ಎದೆಯಲ್ಲಿ ನೋವಾಗಿ ಕಾಣಿಸಿಕೊಳ್ಳಲು ಅರ್ಧ ಶತಮಾನ ಹಿಡಿಯಿತು.

ಮೈಸೂರಿನ ಬಳಿಕ ಪುಣೆ. ನಗರದ ಸಮೀಪದ ಆರು ಹಳ್ಳಿಗಳಲ್ಲಿ ವೈದ್ಯ ಯಾಜ್ಞಿಕ್ ಅವರ ತಂಡ 1993ರಿಂದ ಬಸುರಿಯರನ್ನೂ ಅವರ ಮಕ್ಕಳನ್ನೂ ಅಭ್ಯಸಿಸುತ್ತ ಬಂದಿದೆ. ಅಲ್ಲಿನ ಕೂಸಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸಿನದು 3.5 ಕಿಲೋ. ಅಚ್ಚರಿಯ ಮಾತೆಂದರೆ, ನಮ್ಮ ಕೂಸಿನಲ್ಲಿ ಕಡಿಮೆಯಾದದ್ದು ಸ್ನಾಯು ಮತ್ತು ಅಂಗಾಂಗ. ಕೊಬ್ಬು ಅಷ್ಟಾಗಿ ಕರಗಿರಲಿಲ್ಲ. ನೋಡಲು ತೆಳು, ಒಳಗೆ ಕೊಬ್ಬು. ಬಿ-12 ಕೊರತೆಯಿದ್ದು ಫೋಲೇಟು ಮಾತ್ರ ಹೆಚ್ಚಾಗಿದ್ದ ತಾಯಂದಿರ ಮಕ್ಕಳಲ್ಲಿ, ಆರನೆಯ ವರ್ಷಕ್ಕೇ ಶರೀರ ಇನ್ಸುಲಿನ್ನಿಗೆ ಸರಿಯಾಗಿ ಓಗೊಡದ ಲಕ್ಷಣ ಕಂಡಿತು.

ಇದರ ತಾತ್ಪರ್ಯವನ್ನು ಗೃಹಕೃತ್ಯದ ಭಾಷೆಯಲ್ಲಿ ಹೇಳುವುದಾದರೆ, ಗರ್ಭದಲ್ಲಿಯೇ ಬರವನ್ನು ಕಂಡ ಕೂಸು ಹೊರಗೂ ಬರವೇ ಇದೆಯೆಂದು ನಂಬಿ ಮನೆ ಹೂಡುತ್ತದೆ. ಮಿದುಳಿಗೆ ಮೊದಲ ಪಾಲು ಕೊಟ್ಟು, ಮೂತ್ರಪಿಂಡ, ಮೇದೋಜೀರಕ, ಸ್ನಾಯುಗಳಿಗೆ ಕೈಬಿಗಿ ಹಿಡಿಯುತ್ತದೆ. ಸಿಕ್ಕುದನ್ನು ಕೊಬ್ಬಾಗಿ ಕೂಡಿಡುತ್ತದೆ. ಬಾಳೆಲ್ಲ ಹೊಲದಲ್ಲಿ ದುಡಿದು ರೊಟ್ಟಿ ತಿಂದಿದ್ದರೆ ಈ ಜಿಪುಣತನ ಹೇಗೋ ನಡೆದುಹೋಗುತ್ತಿತ್ತು. ಆದರೆ ಅದೇ ಹುಡುಗ ಬೆಳೆದು ಕೆಲಸ ಹುಡುಕಿಕೊಂಡು ಪುಣೆಗೋ ಮುಂಬಯಿಗೋ ಹೋಗಿ, ಚಹ, ಪಾವು, ಎಣ್ಣೆಯಲ್ಲಿ ಕರಿದ ತಿನಿಸುಗಳ ನಡುವೆ ಬಾಳತೊಡಗಿದರೆ, ಬರಗಾಲಕ್ಕೆಂದು ಕಟ್ಟಿದ ಮೈ ಆ ಸುಗ್ಗಿಯನ್ನು ತಾಳಲಾರದು. ಬಡವನಿಗೆ ಶ್ರೀಮಂತರ ರೋಗ ಬಂತೆಂದು ನಾವು ಅಚ್ಚರಿಪಡುತ್ತೇವೆ. ನಿಜದಲ್ಲಿ ಅದು ಅವನ ತಾಯಿಯ ಬಡತನದ ರೋಗ.

ತೊಗರಿಯ ಕಣಜದಲ್ಲಿ

ಈಗ ಭೀಮೆಯ ದಂಡೆಗೆ ಮರಳೋಣ. ಅಮರ್ಜೆ ಆಳಂದದ ನೆಲವನ್ನು ದಾಟಿ ಬಂದು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಫಜಲಪುರ, ಜೇವರ್ಗಿಗಳ ಎರೆಹೊಲಗಳನ್ನು ಒರಸಿಕೊಂಡು ಭೀಮೆ ಮುಂದೆ ಹರಿಯುತ್ತದೆ. ಈ ಎರೆಮಣ್ಣು ತೊಗರಿಯ ತವರು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಜೋಳದಲ್ಲಿ ಅದರ ಅರ್ಧದಷ್ಟು. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶ ಬೇಳೆಯಲ್ಲಿದೆ. ರೊಟ್ಟಿಗೆ ಬೇಳೆ ಜೊತೆಯಾದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಿರಿಯರು ಈ ಜೋಡಿಯನ್ನು ರಸಾಯನಶಾಸ್ತ್ರ ಓದದೆಯೇ ಕಂಡುಕೊಂಡಿದ್ದರು. ಬೇಳೆ, ಸೊಪ್ಪುಗಳಿಲ್ಲದೆ ಬರಿಯ ಜೋಳವನ್ನೇ ನೆಚ್ಚಿದರೆ ಏನಾಗುತ್ತದೆಂಬುದನ್ನು 1960ರಲ್ಲಿ ಹೈದರಾಬಾದಿನ ಪೋಷಣ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ವಿವರಿಸಿದರು: ದಖ್ಖಣದ ಜೋಳ ತಿನ್ನುವ ಬಡವರಲ್ಲಿ ಕಾಣುತ್ತಿದ್ದ ಪೆಲ್ಲಾಗ್ರ ರೋಗಕ್ಕೆ ಜೋಳದಲ್ಲಿ ಅತಿಯಾಗಿರುವ ಲ್ಯೂಸಿನ್ ಕಾರಣವೆಂಬುದು ಅವರ ವಾದ. ತಪ್ಪು ಜೋಳದ್ದಲ್ಲ, ಅದನ್ನು ಒಂಟಿಯಾಗಿ ಬಿಟ್ಟ ಬಡತನದ್ದು.

ಬೆಳೆದ ತೊಗರಿ ಬೇಳೆಯ ಗಿರಣಿಗೆ ಸಾಗುತ್ತದೆ. ಸಾಲ ತೀರಬೇಕು, ಬೀಜಗೊಬ್ಬರದ ಬಾಕಿ ಸಲ್ಲಬೇಕು. ಹೊಲವೇ ಇಲ್ಲದ ಕೂಲಿಯವಳು ತಾನು ಕೊಯ್ದ ತೊಗರಿಯನ್ನು ಅಂಗಡಿಯಿಂದ ಕೊಂಡು ತರಬೇಕು. ದರ ಏರಿದಾಗ ಸಾರು ತೆಳ್ಳಗಾಗುತ್ತದೆ. ಆ ತೆಳುಸಾರಿನಲ್ಲಿಯೂ ಗಂಡಸರು, ಮಕ್ಕಳು ಉಂಡ ಮೇಲೆ ಉಳಿದದ್ದು ಸೊಸೆಯ ಪಾಲಿಗೆ. ಬಸುರಿ ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾದೀತೆಂಬ ಅಂಜಿಕೆಯೂ ಎಷ್ಟೋ ಮನೆಗಳಲ್ಲಿ ಆಕೆಯ ಕೈತುತ್ತನ್ನು ಕುಗ್ಗಿಸುತ್ತದೆ.

ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ಜನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪೈರು ಹೊತ್ತ ಭೂತಾಯಿಗೆ ಉಡಿ ತುಂಬಿ, ಚರಗ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುತ್ತಾರೆ. ಸಜ್ಜೆಯ ರೊಟ್ಟಿ, ಸಜ್ಜೆಯ ಕಡುಬು, ಹಸಿ ತೊಗರಿ, ಕಡಲೆ, ಅವರೆ, ಶೇಂಗಾ, ಮೆಂತ್ಯ ಮೊದಲಾಗಿ ಕೈಗೆ ಬಂದ ಕಾಳು ಸೊಪ್ಪುಗಳನ್ನೆಲ್ಲ ಬೇಯಿಸಿದ ಭಜ್ಜಿ, ಮೇಲೆ ಮೊಸರು. ಇಂದಿನ ಪೋಷಣಶಾಸ್ತ್ರಜ್ಞ ಬಸುರಿಗೆ ಒಂದು ಊಟವನ್ನು ಬರೆದುಕೊಡಬೇಕಾದರೆ ಇದಕ್ಕಿಂತ ಉತ್ತಮವಾದುದನ್ನು ಬರೆಯಲಾರ. ಬಸುರಾದ ಭೂಮಿಗೆ ಇಷ್ಟು ಉಣಿಸಬೇಕೆಂದು ತಿಳಿದ ಜನ ನಾವು. ಅದೇ ಹೊಲದಲ್ಲಿ ಕಳೆ ತೆಗೆಯುವ ಬಸುರಿಗೆ ಆ ಊಟ ವರ್ಷಕ್ಕೊಂದು ದಿನ ಸಾಕೆ?

ಇದರ ಮೇಲೆ ಗುಳೆ. ಮೂರೂ ತಾಲೂಕುಗಳ ಬಡಕುಟುಂಬಗಳು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ, ಮಹಾರಾಷ್ಟ್ರಕ್ಕೂ ಹೈದರಾಬಾದಿಗೂ ಬೆಂಗಳೂರಿಗೂ ಹೋಗುತ್ತವೆ. ಬಸುರಿಯೂ ಹೋಗುತ್ತಾಳೆ, ಮೊಲೆಗೂಸೂ ಹೋಗುತ್ತದೆ. ಊರಿನ ಅಂಗನವಾಡಿಯ ದಾಖಲೆಯಲ್ಲಿ ಹೆಸರು ಇರುತ್ತದೆ, ಮಗು ಇರುವುದಿಲ್ಲ. ಹೋದ ಊರಿನಲ್ಲಿ ಮಗು ಇರುತ್ತದೆ, ಹೆಸರು ಇರುವುದಿಲ್ಲ. ಸಾವಿರ ದಿನಗಳಲ್ಲಿ ಇಂಥ ಎರಡು ಸುಗ್ಗಿಗಳು ಕಳೆದರೆ ಬರಹದ ಬಹುಭಾಗ ಕಬ್ಬಿನ ಗದ್ದೆಯ ಬದುವಿನಲ್ಲಿ, ಗುಡಿಸಲ ನೆರಳಿನಲ್ಲಿ ಮುಗಿದುಹೋಗುತ್ತದೆ.

ಒಂದು ಹೊತ್ತಿನ ಉಪ್ಪಿಟ್ಟು

ಇಷ್ಟನ್ನು ಓದಿದ ಮೇಲೆ ನಿರಾಶೆ ಮೂಡುವುದು ಸಹಜ. ಆದರೆ ಇದೇ ದಖ್ಖಣದಲ್ಲಿ ನಡೆದ ಇನ್ನೊಂದು ಪರೀಕ್ಷೆಯ ವಿಷಯವನ್ನೂ ಹೇಳಬೇಕು. ಹೈದರಾಬಾದಿನ ಸಮೀಪದ 29 ಹಳ್ಳಿಗಳನ್ನು ಆಯ್ದು, 1987ರಿಂದ 1990ರವರೆಗೆ ಅವುಗಳಲ್ಲಿ 15 ಹಳ್ಳಿಗಳ ಬಸುರಿಯರಿಗೂ ಎಳೆಯ ಮಕ್ಕಳಿಗೂ ದಿನಕ್ಕೊಂದು ಹೊತ್ತು ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿನ ಉಪ್ಪಿಟ್ಟನ್ನು ಒದಗಿಸಲಾಯಿತು. ಉಳಿದ 14 ಹಳ್ಳಿಗಳಿಗೆ ಆ ಯೋಜನೆ ಇನ್ನೂ ಬಂದಿರಲಿಲ್ಲ. ಆ ಮಕ್ಕಳು 13ರಿಂದ 18 ವರ್ಷದವರಾದಾಗ ಸಂಶೋಧಕರು ಮತ್ತೆ ಹೋಗಿ ಅಳೆದರು. ಉಪ್ಪಿಟ್ಟು ಬಂದಿದ್ದ ಹಳ್ಳಿಗಳ ಮಕ್ಕಳು ಸರಾಸರಿ 14 ಮಿಲಿಮೀಟರು ಎತ್ತರ. ಅವರ ಶರೀರ ಇನ್ಸುಲಿನ್ನಿಗೆ ತೋರುವ ಪ್ರತಿರೋಧ ಸುಮಾರು ಐದನೆಯ ಒಂದು ಪಾಲು ಕಡಿಮೆ. ರಕ್ತನಾಳಗಳ ಪೆಡಸುತನವೂ ಕಡಿಮೆ. 2008ರಲ್ಲಿ ಇದು ಪ್ರಕಟವಾಯಿತು. ಒಂದು ಹೊತ್ತಿನ ಉಪ್ಪಿಟ್ಟು ಮಾಡಿದ ಉಪಕಾರ ಹದಿನೈದು ವರ್ಷಗಳ ಮೇಲೂ ರಕ್ತದಲ್ಲಿ ಉಳಿದಿತ್ತು.

ದೂರದ ಗ್ವಾಟೆಮಾಲದಲ್ಲಿ 1969ರಿಂದ 1977ರವರೆಗೆ ಹಳ್ಳಿಯ ಮಕ್ಕಳಿಗೆ ಪೌಷ್ಟಿಕ ಗಂಜಿ ಕೊಟ್ಟು ನೋಡಿದರು. ಬಾಳಿನ ಮೊದಲ ಎರಡು ವರ್ಷಗಳಲ್ಲಿ ಆ ಗಂಜಿ ದೊರೆತಿದ್ದ ಗಂಡುಮಕ್ಕಳು ಬೆಳೆದು ದುಡಿಯತೊಡಗಿದಾಗ, ಅವರ ಗಂಟೆಯ ಸಂಪಾದನೆ ಇತರರಿಗಿಂತ ನೂರಕ್ಕೆ 46ರಷ್ಟು ಹೆಚ್ಚಾಗಿತ್ತು. ಮೂರು ವರ್ಷ ಕಳೆದ ಮೇಲೆ ಗಂಜಿ ಕುಡಿದವರಲ್ಲಿ ಈ ಲಾಭ ಕಾಣಲಿಲ್ಲ. ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡು ಎಂದರು ನಮ್ಮವರು. ನೋಡಿದರೆ ಸಾಲದು, ನೀರು ಎರೆಯಬೇಕಾದ್ದೂ ಮೊಳಕೆಗೇ.

ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದುದು 1975ರ ಅಕ್ಟೋಬರ್ 2ರಂದು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ನೀಡುವ ಮಾತೃಪೂರ್ಣ ಯೋಜನೆಯನ್ನು ಕರ್ನಾಟಕ 2017ರ ಅದೇ ದಿನ ನಾಡಿಗೆಲ್ಲ ವಿಸ್ತರಿಸಿತು. 2021ರ ಡಿಸೆಂಬರಿನಲ್ಲಿ ಕಲಬುರಗಿಯೂ ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆ ಕೊಡಲು ತೊಡಗಿದಾಗ ನಾಡಿನಲ್ಲಿ ಎಷ್ಟೊಂದು ವಾದವೆದ್ದಿತೆಂಬುದು ವಾಚಕರಿಗೆ ನೆನಪಿದ್ದೀತು. ಆ ವಾದದಲ್ಲಿ ಒಂದು ಮಾತು ಕೇಳಿಬರಲಿಲ್ಲ: ಶಾಲೆಗೆ ಬರುವ ಹೊತ್ತಿಗೆ ಸಾವಿರ ದಿನಗಳು ಕಳೆದು ನಾಲ್ಕು ವರ್ಷಗಳಾಗಿರುತ್ತವೆ. ಶಾಲೆಯ ಮೊಟ್ಟೆ ಬೇಕು. ಆದರೆ ಅದಕ್ಕಿಂತ ಮೊದಲಿನ ಮೊಟ್ಟೆ, ತಾಯಿಯದು, ಇನ್ನೂ ಹೆಚ್ಚು ಬೇಕು. ಆ ಊಟಕ್ಕಾಗಿ ಬಸುರಿ ಹೊಲದ ಕೆಲಸ ಬಿಟ್ಟು ಅಂಗನವಾಡಿಗೆ ನಡೆದು ಬರಬೇಕಾದರೆ ಅವಳ ಅರ್ಧ ದಿನದ ಕೂಲಿ ಹೋಗುತ್ತದೆ. ಊಟ ಅವಳಿದ್ದಲ್ಲಿಗೆ ಹೋಗಬೇಕು; ಅವಳು ಗುಳೆ ಹೋದರೆ ಅವಳ ಹೆಸರೂ ಅವಳೊಡನೆ ಹೋಗಬೇಕು.

ಬರಹಕ್ಕೆ ಮಸಿ

ಇಲ್ಲೊಂದು ಎಚ್ಚರಿಕೆಯ ಮಾತು. ಹಣೆಬರಹವನ್ನು ಕಳೆದು ಅದರ ಜಾಗದಲ್ಲಿ ವಂಶವಾಹಿಯ ಬರಹವೆಂಬ ಇನ್ನೊಂದು ವಿಧಿಯನ್ನು ಕೂರಿಸುವುದು ಈ ಶಾಸ್ತ್ರದ ಉದ್ದೇಶವಲ್ಲ. ಮೈಸೂರಿನ ಲೆಕ್ಕದಲ್ಲಿಯೇ, ಕಡಿಮೆ ತೂಕದಲ್ಲಿ ಹುಟ್ಟಿದ ನೂರರಲ್ಲಿ 89 ಮಂದಿಗೆ ಹೃದ್ರೋಗವಿರಲಿಲ್ಲ. ಮೀಥೈಲ್ ಗುರುತಿಗೂ ರೋಗಕ್ಕೂ ನಡುವಿನ ಕಾರಣಸರಪಳಿಯ ಎಲ್ಲ ಕೊಂಡಿಗಳೂ ಮನುಷ್ಯನಲ್ಲಿ ಇನ್ನೂ ಸಿದ್ಧವಾಗಿಲ್ಲ. ಒಳ್ಳೆಯ ಊಟ, ದುಡಿಮೆ, ವೈದ್ಯ, ಶಾಲೆ ಇವು ಯಾವ ವಯಸ್ಸಿನಲ್ಲಿಯೂ ನಿಷ್ಫಲವಲ್ಲ. ಇದನ್ನೆಲ್ಲ ತಾಯಿಯ ತಪ್ಪೆಂದು ಹೊರಿಸುವುದಂತೂ ಘೋರ ಅನ್ಯಾಯ. ಖಾಲಿ ಗಂಗಾಳವನ್ನು ಯಾವ ತಾಯಿಯೂ ಆರಿಸಿಕೊಂಡವಳಲ್ಲ.

ಆದರೂ ಒಂದು ಮಾತು ನಿಶ್ಚಯ. ಹೆಣ್ಣುಕೂಸು ಗರ್ಭದಲ್ಲಿರುವಾಗಲೇ ಅದರ ಅಂಡಾಶಯದಲ್ಲಿ ಮುಂದಿನ ಪೀಳಿಗೆಯ ಅಂಡಗಳು ರೂಪುಗೊಳ್ಳುತ್ತವೆ. ಇಂದು ಜೇವರ್ಗಿಯ ಹೊಲದಲ್ಲಿ ತೊಗರಿ ಕೊಯ್ಯುವ ಬಸುರಿಯ ಒಡಲಲ್ಲಿ ಮಗಳಷ್ಟೇ ಇಲ್ಲ, ಮೊಮ್ಮಗುವಿನ ಬೀಜವೂ ಇದೆ. ಅವಳಿಗಿಟ್ಟ ಒಂದು ತುತ್ತು ಮೂವರಿಗೆ ಇಟ್ಟಂತೆ. ಅವಳಿಂದ ಕಿತ್ತುಕೊಂಡುದೂ ಮೂವರಿಂದ ಕಿತ್ತುಕೊಂಡಂತೆ.

ಐದನೆಯ ರಾತ್ರಿ ದೀಪ ಹಚ್ಚಿಡುವ ಪದ್ಧತಿ ಉಳಿಯಲಿ, ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಅಂದು ಶೆಟಗೆವ್ವ ಬಂದು ನೋಡುವಾಗ, ಬರಹ ಆಗಲೇ ಒಂಬತ್ತು ತಿಂಗಳಷ್ಟು ಸಾಗಿರುತ್ತದೆ. ಅವಳು ಕುಳಿತು ಮುಂದುವರಿಸಬೇಕಾದದ್ದು ನಾವು ಒದಗಿಸಿದ ಮಸಿಯಿಂದ. ರೊಟ್ಟಿಯ ಜೊತೆಗೆ ಗಟ್ಟಿ ಬೇಳೆ, ಪುಂಡಿಪಲ್ಯ, ಒಂದು ಬಟ್ಟಲು ಮೊಸರು, ಬೇಕೆನ್ನುವವಳಿಗೆ ಒಂದು ಮೊಟ್ಟೆ: ಇಷ್ಟು ಆ ಬಸುರಿಯ ಗಂಗಾಳದಲ್ಲಿ ದಿನವೂ ಇದ್ದರೆ, ಅಜ್ಜಿ ಮುಂದೆ ಕಣ್ಣೊರಸಿಕೊಳ್ಳಬೇಕಾದ ಪ್ರಮೇಯ ಬಹಳ ಮಟ್ಟಿಗೆ ತಪ್ಪೀತು.